ಡೊಮಿನಿಕ್ ಹಾಡಿಗೊಂದು ಹೊಸ ಚರಣ

ಈ ಮೇ ತಿಂಗಳಲ್ಲಿ ನಮ್ಮ ಮಾವ್ಶಿಯ ಗೋಲ್ಡನ್ ಜುಬಿಲಿ ಇತ್ತು. ಮಾವ್ಶಿ ಅಂದರೆ ಅಮ್ಮನ ತಂಗಿ. ಸಿಸ್ಟರ್ ಆಗಿ ವ್ರತ ತೆಗೆದುಕೊಂಡು 50 ವರ್ಷ. ಪೂಜೆ ಮುಗಿಯಿತು, ಕೇಕ್ ಕತ್ತರಿಸಿದ್ದಾಯಿತು, ಸಾನ್ನಾಂ ಮತ್ತು ದುಕ್ರಾ ಮಾಸ್ ಊಟವೂ ಆಯಿತು. ಕಾನ್ವೆಂಟಿನ ಹಿಂದಿನ ಅಂಗಳದಲ್ಲಿ, ಹಲಸಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮನೆಯವರು, ಸಿಸ್ಟರ್‌ಗಳು ಎಲ್ಲ ಸುಮ್ನೆ ಕೂತಿದ್ದೆವು. ಆಗ ಎಂಬತ್ತು ದಾಟಿದ ಒಬ್ಬ ಸಿಸ್ಟರ್ ಕುರ್ಚಿಯ ಕೈ ಮೇಲೆ ಬೆರಳಿನಿಂದ ತಾಳ ಹಾಕುತ್ತಾ 'ಡೊಮಿನಿಕ್' ಹಾಡು ಶುರು ಮಾಡಿದರು. ಎರಡನೇ ಸಾಲಿಗೆ ಹತ್ತು ಜನ ಸೇರಿದರು. ಪಲ್ಲವಿಗೆ ಬರುವಷ್ಟರಲ್ಲಿ ಇಡೀ ಅಂಗಳ ಚಪ್ಪಾಳೆ ತಟ್ಟುತ್ತಿತ್ತು. ಕಾನ್ವೆಂಟ್ ಶಾಲೆಯಲ್ಲಿ ಓದಿದ ನಮಗೆಲ್ಲ ಆ ಹಾಡು ಬಾಯಿಪಾಠ. ಫ್ರೆಂಚ್ ಬರಲ್ಲ, ಅರ್ಥ ಗೊತ್ತಿಲ್ಲ. ಆದರೂ ಐದನೇ ಕ್ಲಾಸಿನಲ್ಲಿ ಕಲಿತದ್ದು ಇವತ್ತಿಗೂ ಮರೆತಿಲ್ಲ.

ನಾನೂ ಹಾಡಿದೆ. ಮೊದಲ ಚರಣದ ತನಕ ಹಾಡಿದೆ. ಆಮೇಲೆ ಗಂಟಲು ಕಟ್ಟಿತು. ಪಕ್ಕದಲ್ಲಿ ನನ್ನ ಸಂಗಾತಿ ಕೂತಿದ್ದಳು. ಮನೆಯವರ ಲೆಕ್ಕದಲ್ಲಿ ಅವಳು ನನ್ನ 'ಬೆಂಗಳೂರಿನ ಫ್ರೆಂಡ್'. ಹದಿಮೂರು ವರ್ಷದಿಂದ ನಾವು ಒಂದೇ ಮನೆಯಲ್ಲಿದ್ದೇವೆ. ಅವಳಿಗೆ ಈ ಹಾಡಿನ ಕಥೆ ಗೊತ್ತು, ನಾನೇ ಹೇಳಿದ್ದೆ. ಅವಳು ನನ್ನ ಮುಖ ನೋಡಿದಳು, ನೀರಿನ ಲೋಟ ಕೈಗಿಟ್ಟಳು. ಸುತ್ತ ಸಿಸ್ಟರ್‌ಗಳು ಮಕ್ಕಳ ಹಾಗೆ ನಗುತ್ತಾ ಹಾಡುತ್ತಿದ್ದರು. ಈ ಹಾಡು ಬರೆದವಳು ಹೇಗೆ ಬದುಕಿದಳು, ಹೇಗೆ ಹೋದಳು ಅಂತ ಇವರಿಗೆ ಗೊತ್ತಿದೆಯಾ? ಗೊತ್ತಿದ್ದೂ ಹಾಡುತ್ತಿದ್ದಾರಾ? ಊರಿಂದ ವಾಪಸ್ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ, ರಾತ್ರಿ ನಿದ್ದೆ ಬರುವ ಮೊದಲು, ಆ ಚಪ್ಪಾಳೆ ಕೇಳಿಸುತ್ತಲೇ ಇತ್ತು.

ಗಿಟಾರಿನ ಹೆಸರು ಸಿಸ್ಟರ್ ಅಡೆಲ್

ಆ ಹಾಡು ಬರೆದ ಜನೀನ್ ಡೆಕರ್ಸ್ ಬೆಲ್ಜಿಯಂನವಳು. 1959ರಲ್ಲಿ ವಾಟರ್ಲೂ ಹತ್ತಿರದ ಡೊಮಿನಿಕನ್ ಕಾನ್ವೆಂಟ್ ಸೇರಿದಳು. ಜೊತೆಗೆ ಒಂದು ಗಿಟಾರ್ ಇತ್ತು. ಅದಕ್ಕೆ ಸಿಸ್ಟರ್ ಅಡೆಲ್ ಅಂತ ಹೆಸರಿಟ್ಟಿದ್ದರು. ನನಗೆ ಈ ವಿವರ ತುಂಬಾ ಇಷ್ಟ. ಹಾಡುಗಳು ಕಾನ್ವೆಂಟಿನಲ್ಲಿ ಎಲ್ಲರಿಗೂ ಹಿಡಿಸಿದವು. ದೊಡ್ಡ ಕಂಪನಿಯ ಸ್ಟುಡಿಯೋದಲ್ಲಿ ರೆಕಾರ್ಡ್ ಆದವು. ಕವರ್ ಮೇಲೆ ಅವಳ ಸ್ವಂತ ಹೆಸರಿಲ್ಲ, 'ಸರ್ ಸುರೀರ್' ಅಂತ ಇತ್ತು. ಅಂದರೆ ನಗುವ ಸಿಸ್ಟರ್. 1963ರ ಡಿಸೆಂಬರ್‌ನಲ್ಲಿ, ಕೆನಡಿ ಹತ್ಯೆಯಾಗಿ ಅಮೆರಿಕ ಇನ್ನೂ ಅಳುತ್ತಿದ್ದ ದಿನಗಳಲ್ಲಿ, ಫ್ರೆಂಚ್ ಹಾಡೊಂದು ಅಲ್ಲಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ನಾಲ್ಕು ವಾರ ಅಲ್ಲೇ ಇತ್ತು. ಅದೇ ನಮ್ಮ 'ಡೊಮಿನಿಕ್'. ಬೀಟಲ್ಸ್ ಅಮೆರಿಕಕ್ಕೆ ಕಾಲಿಡುವ ಮೊದಲು ಅಲ್ಲಿನ ರೇಡಿಯೋ ತುಂಬಾ ಕೇಳಿಸುತ್ತಿದ್ದದ್ದು ಒಬ್ಬ ಕ್ರೈಸ್ತ ಸನ್ಯಾಸಿನಿಯ ದನಿ. ಸಂತ ಡೊಮಿನಿಕ್ ಬಡವನಾಗಿ ಊರೂರು ಅಲೆದು ಹಾಡುತ್ತಾ ಹೋದ ಅಂತ ಆ ಹಾಡು ಹೇಳುತ್ತದೆ. ಇಷ್ಟು ಅರ್ಥ ತಿಳಿಯಲು ನನಗೆ ಮೂವತ್ತು ವಯಸ್ಸಾಗಬೇಕಾಯಿತು.

ದುಡ್ಡು ಅವಳ ಕೈಗೆ ಬರಲಿಲ್ಲ. ಒಂದು ಪಾಲು ಕಂಪನಿಗೆ, ಉಳಿದದ್ದು ಕಾನ್ವೆಂಟಿಗೆ. ಬಡತನದ ವ್ರತ ತೆಗೆದುಕೊಂಡವಳು, ಅವಳೂ ಕೇಳಲಿಲ್ಲ. 1966ರಲ್ಲಿ ಕಾನ್ವೆಂಟ್ ಬಿಟ್ಟಳು. ಹಳೆಯ ಹೆಸರಿನಲ್ಲಿ ಹಾಡುವ ಹಾಗಿರಲಿಲ್ಲ, ಹಾಗಾಗಿ ಲ್ಯೂಕ್ ಡೊಮಿನಿಕ್ ಅಂತ ಹೆಸರಿಟ್ಟುಕೊಂಡಳು. ಗರ್ಭನಿರೋಧಕ ಮಾತ್ರೆಗಾಗಿ ದೇವರಿಗೆ ಸ್ತೋತ್ರ ಹೇಳುವ ಒಂದು ಹಾಡನ್ನೂ ಮಾಡಿದಳು. ಆ ಕಾಲಕ್ಕೆ ಅದೆಷ್ಟು ಧೈರ್ಯ ಅಂತ ಯೋಚಿಸಿ. ಅನ್ನಿ ಪೆಶೇರ್ ಎಂಬ ಗೆಳತಿಯ ಜೊತೆ ಮನೆ ಮಾಡಿದಳು. ಅನ್ನಿ ಆಟಿಸಂ ಇರುವ ಮಕ್ಕಳಿಗಾಗಿ ಶಾಲೆ ನಡೆಸುತ್ತಿದ್ದಳು. ಆಮೇಲೆ ತೆರಿಗೆ ಇಲಾಖೆಯವರು ಆ ಹಳೆಯ ಹಾಡಿನ ಆದಾಯಕ್ಕೆ ತೆರಿಗೆ ಕಟ್ಟು ಅಂದರು. ದುಡ್ಡು ಕಾನ್ವೆಂಟಿಗೆ ಹೋಗಿದ್ದಕ್ಕೆ ಕಾಗದ ಪತ್ರ ಇಲ್ಲ. 1982ರಲ್ಲಿ ಸಾಲ ತೀರಿಸಲು ಅವಳು ಅದೇ 'ಡೊಮಿನಿಕ್' ಅನ್ನು ಸಿಂಥಸೈಜರ್ ಹಾಕಿ ಡಿಸ್ಕೋ ಮಾಡಿ ಹಾಡಿದಳು. ಓಡಲಿಲ್ಲ. 1985ರ ಮಾರ್ಚ್ 29ರಂದು ಇಬ್ಬರೂ ಒಟ್ಟಿಗೆ ತಾವೇ ತಮ್ಮ ಜೀವ ಕಳೆದುಕೊಂಡರು. ಜನೀನ್‌ಗೆ ಆಗ 51. ವಾವ್ರ ಎಂಬ ಊರಿನಲ್ಲಿ ಇಬ್ಬರದೂ ಒಂದೇ ಸಮಾಧಿ.

ಅವರಿಬ್ಬರದು ಎಂಥ ಸಂಬಂಧ ಅಂತ ಬರೆದವರು ಬೇರೆ ಬೇರೆ ಥರ ಹೇಳುತ್ತಾರೆ. ಜನೀನ್ ತನಗೆ ತಾನು ಲೆಸ್ಬಿಯನ್ ಅಂತ ಹೆಸರು ಕೊಟ್ಟುಕೊಳ್ಳಲಿಲ್ಲ. ಜನ ಆಡಿಕೊಂಡಾಗ ಅಲ್ಲ ಅಂದಳು. ಅದನ್ನು ನಾನು ಗೌರವಿಸುತ್ತೇನೆ. ಆದರೆ ಕಾನ್ವೆಂಟಿನ ಒಳಗೆ ಬೆಳೆದ ಹೆಣ್ಣೊಬ್ಬಳು ಆ ಕಾಲದಲ್ಲಿ ಆ ಪದವನ್ನು ತನ್ನ ಮೈಮೇಲೆ ಹಾಕಿಕೊಳ್ಳುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ನನಗೂ 'ಫ್ರೆಂಡ್' ಅನ್ನುವ ಪದದ ಹಿಂದೆ ನಿಂತು ಅಭ್ಯಾಸ. ಒಂದೇ ಮನೆ, ಒಂದೇ ಸಾಲ, ಒಂದೇ ಸಮಾಧಿ. ಇಷ್ಟಕ್ಕೆ ಯಾವ ಹೆಸರು ಅಂತ ಅವಳನ್ನು ಕೇಳುವ ಹಾಗಿಲ್ಲ ಈಗ.

ಒಂದು ಪದ

1999. ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದೆ. ಸಿಸ್ಟರ್‌ಗಳು ನಡೆಸುವ ಹಾಸ್ಟೆಲ್. ಒಂದು ಶನಿವಾರ ರಾತ್ರಿ ವಾರ್ಡನ್ ಸಿಸ್ಟರ್ ಎಲ್ಲಿಂದಲೋ ವಿಸಿಡಿ ತಂದು ಸ್ಟಡಿ ಹಾಲಿನಲ್ಲಿ 'ಸಿಸ್ಟರ್ ಆ್ಯಕ್ಟ್' ಹಾಕಿದರು. ಕ್ಲಬ್ಬಿನಲ್ಲಿ ಹಾಡುವ ಹೆಣ್ಣೊಬ್ಬಳು ಕೊಲೆ ನೋಡಿಬಿಟ್ಟು, ಜೀವ ಉಳಿಸಿಕೊಳ್ಳಲು ಕಾನ್ವೆಂಟಿನಲ್ಲಿ ಅಡಗಿ, ಅಲ್ಲಿನ ಕೊಯರ್‌ಗೆ ಪಾಪ್ ಹಾಡು ಕಲಿಸುವ ಕಥೆ. ನೀವು ನೋಡಿರುತ್ತೀರಿ. 1964ರ 'ಮೈ ಗಾಯ್' ಎಂಬ ಪ್ರೇಮಗೀತೆ ಅದರಲ್ಲಿ 'ಮೈ ಗಾಡ್' ಆಗುತ್ತದೆ. ಕೊನೆಯಲ್ಲಿ 'ಐ ವಿಲ್ ಫಾಲೋ ಹಿಮ್' ಹಾಡನ್ನು ಪೋಪ್ ಮುಂದೆ ಹಾಡುತ್ತಾರೆ. ಆ ಹಾಡಿಗೆ ಪದವನ್ನೂ ಬದಲಿಸಬೇಕಾಗಿಲ್ಲ. ಹುಡುಗಿಯೊಬ್ಬಳು ತನ್ನ ಹುಡುಗನ ಹಿಂದೆ ಹೋಗುತ್ತೇನೆ ಅಂದದ್ದು ಕನ್ಯಾಸ್ತ್ರೀಯರ ಬಾಯಲ್ಲಿ ಯೇಸುವಿನ ಹಿಂದೆ ಹೋಗುತ್ತೇನೆ ಅಂತಾಗುತ್ತದೆ. ನಮ್ಮ ಹಾಸ್ಟೆಲ್ಲಿನ ಸಿಸ್ಟರ್‌ಗಳು ಎದ್ದು ನಿಂತು ಕೈ ತಟ್ಟಿದ್ದರು. ಆ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು 1963ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಕೊನೆಗೆ 'ಡೊಮಿನಿಕ್'. ಹುಡುಗಿಯ ಪ್ರೇಮಗೀತೆ, ಸಿಸ್ಟರ್‌ನ ಭಕ್ತಿಗೀತೆ, ಎರಡೂ ಒಂದೇ ವರ್ಷ ಒಂದೇ ಕುರ್ಚಿಯಲ್ಲಿ ಕೂತಿದ್ದವು.

ಬಹಳ ವರ್ಷದ ಮೇಲೆ ಇನ್ನೊಂದು ವಿಷಯ ತಿಳಿಯಿತು. ಆ ಸಿನಿಮಾಗೆ ಹಾಡುಗಳನ್ನು ಹೊಸದಾಗಿ ಹೊಂದಿಸಿದ ಮಾರ್ಕ್ ಶೈಮನ್, ಕಥೆ ಬರೆದ ಪಾಲ್ ರಡ್ನಿಕ್ ಇಬ್ಬರೂ ಗೇ. ಇಬ್ಬರೂ ಅದನ್ನು ಮುಚ್ಚಿಟ್ಟವರಲ್ಲ. ಇದನ್ನು ಓದಿದ ದಿನ ನಾನು ಒಂದು ಗಂಟೆ ಸುಮ್ಮನೆ ಕೂತಿದ್ದೆ. ಒಂದೇ ಹಾಡಿನಲ್ಲಿ ಎರಡು ಪ್ರೀತಿ ಕೇಳಿಸಿಕೊಳ್ಳುವ ಕಿವಿ ನನ್ನದೊಂದೇ ಅಲ್ಲ, ನಮ್ಮವರಿಗೆ ಅದು ಚಿಕ್ಕಂದಿನಿಂದ ಬಂದ ರೂಢಿ ಅಂತ ಅನ್ನಿಸಿತು. ಮನೆಯಲ್ಲಿ, ಶಾಲೆಯಲ್ಲಿ, ಮದುವೆ ಮನೆಯಲ್ಲಿ ಕೇಳುವ ಪ್ರತಿ ಹಾಡನ್ನೂ ನಾವು ಒಳಗೇ ತಿದ್ದಿಕೊಂಡು ಕೇಳುತ್ತೇವೆ ಅಲ್ವಾ?

ಹಾಸ್ಟೆಲ್ಲಿಗೆ ಬರುತ್ತೇನೆ. ನನ್ನ ಹತ್ತಿರ ಒಂದು ಲಾಂಗ್ ನೋಟ್‌ಬುಕ್ ಇತ್ತು. ಕಂದು ಕಾಗದದ ಬೈಂಡು, ಮೇಲೆ ಲೇಬಲ್, ಲೇಬಲ್ ಮೇಲೆ 'ಕೊಯರ್'. ಮುಂದಿನಿಂದ ಪೂಜೆಯ ಹಾಡುಗಳು, ನೀಲಿ ಪೆನ್ನಿನಲ್ಲಿ. ಹಿಂದಿನಿಂದ ನನ್ನ ಹಾಡುಗಳು, ಪೆನ್ಸಿಲ್‌ನಲ್ಲಿ. ಅಳಿಸಲು ಸುಲಭ ಆಗಲಿ ಅಂತ ಪೆನ್ಸಿಲ್. ರೇಡಿಯೋದಲ್ಲಿ, ಕ್ಯಾಸೆಟ್ಟಿನಲ್ಲಿ ಕೇಳಿದ ಇಂಗ್ಲಿಷ್ ಹಾಡುಗಳನ್ನು ಬರೆದು, 'ಹಿಮ್' ಇದ್ದಲ್ಲಿ 'ಹರ್' ಮಾಡುತ್ತಿದ್ದೆ. ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ. ಒಂದು ಪದ ಸಾಕಾಗುತ್ತಿತ್ತು. ಕೊಯರ್‌ನಲ್ಲಿ ಕೀಬೋರ್ಡ್ ನುಡಿಸುವವಳು ಕಾರ್ಕಳದ ಕಡೆಯ ಹುಡುಗಿ. ಅವಳ ಎಡಗೈಯ ಕಿರುಬೆರಳಿನ ಉಗುರು ಸ್ವಲ್ಪ ಸೀಳಿತ್ತು. ಕೆಳಗಿನ ಸ್ವರ ಒತ್ತುವಾಗ ಆ ಬೆರಳನ್ನು ಒಂದು ಕ್ಷಣ ಎತ್ತಿ ಹಿಡಿದು ಆಮೇಲೆ ಇಳಿಸುತ್ತಿದ್ದಳು. ನಾನು ಹಾಡು ಎತ್ತಿಕೊಳ್ಳುತ್ತಿದ್ದದ್ದು ಆ ಬೆರಳು ಇಳಿಯುವುದನ್ನು ನೋಡಿ. ಬೇರೆ ಯಾರಿಗೂ ಆ ಗುಟ್ಟು ಗೊತ್ತಿರಲಿಲ್ಲ. ಅವಳಿಗೂ.

ಒಂದು ದಿನ ಆ ನೋಟ್‌ಬುಕ್ ಚಾಪೆಲ್‌ನಲ್ಲಿ ಮರೆತು ಬಂದೆ. ಸಂಜೆ ವಾರ್ಡನ್ ಸಿಸ್ಟರ್ ಕರೆದರು. ಮೇಜಿನ ಮೇಲೆ ನೋಟ್‌ಬುಕ್, ಹಿಂದಿನ ಕಡೆಯಿಂದ ತೆರೆದಿತ್ತು. 'ಐ ವಿಲ್ ಫಾಲೋ ಹರ್.' ಪೆನ್ಸಿಲ್‌ನಲ್ಲಿ ಒತ್ತಿ ಒತ್ತಿ ಬರೆದದ್ದು. ಅವರು ಆ ಪದದ ಕೆಳಗೆ ಬೆರಳಿಟ್ಟರು. "ಇದು ಯಾರು ಮಾರಾಯ್ತಿ?" ಅಂದರು. ಸಿಟ್ಟಿನ ದನಿ ಇರಲಿಲ್ಲ. ನನ್ನ ಕೈಯೆಲ್ಲ ಬೆವರಿತು. ಗೋಡೆಯ ಮೇಲೆ ಲೂರ್ದ್ ಮಾತೆಯ ಕ್ಯಾಲೆಂಡರ್ ಇತ್ತು. "ಮದರ್ ಮೇರಿ, ಸಿಸ್ಟರ್" ಅಂದೆ. ಅವರು ನನ್ನನ್ನೇ ನೋಡಿದರು. ಎಷ್ಟು ಹೊತ್ತು ಅಂತ ಹೇಳಲಾರೆ. ಆಮೇಲೆ ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. "ಒಳ್ಳೆಯದಾಯಿತು. ಶನಿವಾರ ಮರಿಯಮ್ಮನ ಪ್ರಾರ್ಥನೆಗೆ ಇದನ್ನೇ ಹಾಡಿ" ಅಂದರು.

ಹಾಡಿದೆವು. ಶನಿವಾರ ಸಂಜೆ, ಆರೂವರೆಗೆ, ಎಂಬತ್ತು ಹುಡುಗಿಯರ ಮುಂದೆ. ಮುಂದೆ ಮರಿಯಮ್ಮನ ಪ್ರತಿಮೆ, ಕಾಲ ಬಳಿ ಅಬ್ಬಲಿಗೆ ಮಾಲೆ. ಬಲಗಡೆ ಕೀಬೋರ್ಡ್. ಕಿರುಬೆರಳು ಎದ್ದಿತು, ಇಳಿಯಿತು. ಎಲ್ಲಿಗೆ ಹೋದರೂ ಅವಳ ಹಿಂದೆ ಹೋಗುತ್ತೇನೆ ಅಂತ ಹಾಡಿದೆ. ಆ ಹೊತ್ತಿಗೆ ನನ್ನಲ್ಲಿ ಸುಳ್ಳಿರಲಿಲ್ಲ. ಮರಿಯಮ್ಮನಿಗೂ ಹಾಡಿದೆ, ಅವಳಿಗೂ ಹಾಡಿದೆ. ಎರಡೂ ಒಂದೇ ಉಸಿರಿನಲ್ಲಿ ಬಂತು. ಯಾವುದು ಭಕ್ತಿ, ಯಾವುದು ಪ್ರೀತಿ ಅಂತ ಬಿಡಿಸಲು ಆಗ ಬರಲಿಲ್ಲ. ಈಗಲೂ ಬರುವುದಿಲ್ಲ. ಬಿಡಿಸಬೇಕು ಅಂತಲೂ ಅನ್ನಿಸುವುದಿಲ್ಲ. ಆ ಸಿಸ್ಟರ್‌ಗೆ ಅರ್ಥವಾಗಿತ್ತಾ? ಆಗಿತ್ತು ಅಂತಲೇ ನಾನು ನಂಬಿಕೊಂಡಿದ್ದೇನೆ.

ಇದು ಹೊರಗಿಂದ ಬಂದದ್ದಲ್ಲ

ಪ್ರೇಮಗೀತೆಯನ್ನು ತಿದ್ದಿ ಹಾಡುವುದನ್ನು ನನಗೆ ಕಲಿಸಿದ್ದು ಇಗರ್ಜಿಯೇ. ಬೈಬಲ್ಲಿನ ನಡುವೆ ಪರಮಗೀತೆ ಇದೆ. ತುಟಿ, ಸ್ತನ, ದ್ರಾಕ್ಷಿತೋಟ, ರಾತ್ರಿ ಬಾಗಿಲು ತಟ್ಟುವ ನಲ್ಲ. ಅದನ್ನು ಕ್ರಿಸ್ತ ಮತ್ತು ಧರ್ಮಸಭೆಯ ಪ್ರೀತಿ ಅಂತ ಓದಿ ಅಂದರು, ಓದಿದೆವು. 16ನೇ ಶತಮಾನದ ಶಿಲುಬೆಯ ಸಂತ ಜಾನ್ ತನ್ನ ಹೆಸರಾಂತ ಪದ್ಯದಲ್ಲಿ, ಕತ್ತಲಲ್ಲಿ ಮನೆ ಬಿಟ್ಟು ನಲ್ಲನನ್ನು ಕಾಣಲು ಹೋಗುವ ಹೆಣ್ಣಾಗುತ್ತಾರೆ. ಆ ನಲ್ಲ ದೇವರು. ಗಂಡಸೊಬ್ಬ ಹೆಣ್ಣಾಗಿ ಗಂಡಿಗಾಗಿ ಹಾತೊರೆದು ಬರೆದ ಪದ್ಯವನ್ನು ಇಗರ್ಜಿ ನಾನೂರು ವರ್ಷದಿಂದ ಎದೆಗೊತ್ತಿಕೊಂಡಿದೆ. ನಮ್ಮ ಕನ್ನಡದಲ್ಲಿ ಇದು ಇನ್ನೂ ಹಳೆಯದು. ಶರಣ ಸತಿ, ಲಿಂಗ ಪತಿ. ಮೀಸೆ ಹೊತ್ತ ಶರಣರು ತಾವು ಹೆಂಡತಿ ಅಂತ ಹಾಡಿಕೊಂಡ ನಾಡು ಇದು. ಇದನ್ನೆಲ್ಲ ಪಾಠದಲ್ಲಿ ಓದಿ ಪಾಸಾದ ನಾನು, 'ಹಿಮ್' ತೆಗೆದು 'ಹರ್' ಹಾಕಿದಾಗ ಏನೋ ಕದ್ದವಳ ಹಾಗೆ ನಡುಗಿದ್ದೆನಲ್ಲ, ಅದನ್ನು ನೆನೆದರೆ ಆ ಹತ್ತೊಂಬತ್ತರ ಹುಡುಗಿಯನ್ನು ತಬ್ಬಿಕೊಳ್ಳಬೇಕು ಅನ್ನಿಸುತ್ತದೆ.

ಭಾಷೆಯ ಬಗ್ಗೆ ಒಂದು ಮಾತು. ಕನ್ನಡದ ಪ್ರೇಮಗೀತೆಯಲ್ಲಿ 'ನೀನು' ಇದ್ದರೆ ತಿದ್ದುವ ಕೆಲಸವೇ ಇಲ್ಲ. 'ನಾನು ಬಂದೆ' ಅಂದರೆ ಬಂದವಳು ಹೆಣ್ಣೋ ಗಂಡೋ ಗೊತ್ತಾಗುವುದಿಲ್ಲ. 'ನೀನು ಬಂದೆ' ಅಂದರೂ ಅಷ್ಟೇ. ನಾನು ಚಿಕ್ಕಂದಿನಲ್ಲಿ ಕನ್ನಡ ಭಾವಗೀತೆಗಳಿಗೆ ಅಂಟಿಕೊಂಡಿದ್ದಕ್ಕೆ ಇದೇ ಕಾರಣ ಇರಬೇಕು. ಅಲ್ಲಿ ನನಗೆ ಜಾಗ ಇತ್ತು. ನಮ್ಮ ಮನೆಯ ಕೊಂಕಣಿ ಹಾಗಲ್ಲ. 'ಹಾಂವ್ ಆಯ್ಲೊಂ' ಅಂದರೆ ಬಂದವನು ಗಂಡು, 'ಹಾಂವ್ ಆಯ್ಲಿಂ' ಅಂದರೆ ಹೆಣ್ಣು. ನಾನು ಅನ್ನುವ ಪದಕ್ಕೇ ಬಟ್ಟೆ ತೊಡಿಸಿ ಕಳಿಸುತ್ತದೆ. ಆದರೆ 'ಆಮಿ ಆಯ್ಲ್ಯಾಂವ್' ಅಂದರೆ ನಾವು ಬಂದೆವು. ಅಲ್ಲಿ ಗಂಡು ಹೆಣ್ಣು ಕಾಣುವುದಿಲ್ಲ. ಒಬ್ಬಳೇ ಇದ್ದಾಗ ಕಾಣುವುದು ಇಬ್ಬರಾದಾಗ ಕಾಣದೆ ಹೋಗುತ್ತದೆ. ಮನೆಯಲ್ಲಿ ನಾವಿಬ್ಬರು ಕೊಂಕಣಿಯಲ್ಲಿ ಹಾಡು ಕಟ್ಟುವಾಗ ಯಾವಾಗಲೂ 'ಆಮಿ' ಅಂತಲೇ ಕಟ್ಟುತ್ತೇವೆ.

ರೋಸ್ ಹಾಡುಗಳ ಬಗ್ಗೆಯೂ ಬರೆಯಬೇಕಿತ್ತು. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ವೊವಿಯೊ ಹಾಡುವಾಗ, ಹೆಂಗಸರು ಆ ಮನೆಗೆ, ಆ ಹುಡುಗಿಗೆ ತಕ್ಕ ಹಾಗೆ ಸಾಲು ಹೊಂದಿಸಿಕೊಳ್ಳುತ್ತಾರೆ. ಎಷ್ಟೋ ರೋಸ್‌ಗಳಲ್ಲಿ ನಾನು ಮುಂದೆ ನಿಂತು ಹಾಡಿದ್ದೇನೆ. "ನಿನ್ನ ರೋಸ್ ಯಾವಾಗ?" ಅಂತ ಕೇಳಿಸಿಕೊಂಡು ನಕ್ಕಿದ್ದೇನೆ. ಆ ನಗುವಿನ ಬಗ್ಗೆ ಇಷ್ಟೇ ಸಾಕು.

ಸಕ್ಕಡ್ ಸಾಂಗಾತಾ

2018ರ ಸೆಪ್ಟೆಂಬರ್ 6, ಗುರುವಾರ. ನಮ್ಮಂಥವರ ಪ್ರೀತಿಯನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ ಅನ್ನು ಸುಪ್ರೀಂ ಕೋರ್ಟ್ ನಮ್ಮ ಮೇಲಿಂದ ಎತ್ತಿದ ದಿನ. ಎಲ್ಲರಿಗೂ ಆ ದಿನ ನೆನಪಿದೆ. ಆದರೆ ನಮಗೆ ಮಂಗಳೂರು ಕಡೆಯ ಕ್ಯಾಥೊಲಿಕರಿಗೆ ಆ ವಾರ ಇನ್ನೊಂದು ಕಾರಣಕ್ಕೂ ದೊಡ್ಡದು. ಸೆಪ್ಟೆಂಬರ್ 8 ಮೊಂತಿ ಫೆಸ್ತ್, ಮರಿಯಮ್ಮ ಹುಟ್ಟಿದ ಹಬ್ಬ. ಅದರ ಹಿಂದಿನ ಒಂಬತ್ತು ದಿನ ನೊವೆನಾ. ಮಕ್ಕಳು ತಟ್ಟೆ ತುಂಬ ಹೂವು ತಂದು ಮಗು ಮರಿಯಮ್ಮನಿಗೆ ಹಾಕುತ್ತಾರೆ. ಆಗ ಹಾಡುವುದು 'ಸಕ್ಕಡ್ ಸಾಂಗಾತಾ ಮೆಳ್ಯಾಂ'. ಎಲ್ಲರೂ ಒಟ್ಟಾಗಿ ಸೇರೋಣ ಅಂತ.

ಆ ದಿನ ಮಧ್ಯಾಹ್ನ ಆಫೀಸಿನಲ್ಲಿ ಬಾತ್‌ರೂಮಿಗೆ ಹೋಗಿ ಅತ್ತೆ. ಸಂಜೆ ಇಬ್ಬರೂ ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾಗೆ ಹೋದೆವು. ಅಲ್ಲೂ ನೊವೆನಾ ದಿನಗಳು, ಕಾಲಿಡಲು ಜಾಗ ಇಲ್ಲ. ಅಲ್ಲಿನ ಮರಿಯಮ್ಮ ಸೀರೆ ಉಟ್ಟಿದ್ದಾಳೆ, ನಿಮಗೆ ಗೊತ್ತು. ಸುತ್ತ ತಮಿಳು, ಕನ್ನಡ, ಇಂಗ್ಲಿಷ್ ಪ್ರಾರ್ಥನೆ. ಮಲ್ಲಿಗೆ ಮಾರುವವಳ ಹತ್ತಿರ ಎರಡು ಮೊಳ ಹೂವು ತೆಗೆದುಕೊಂಡೆವು. ಅವಳು ಒಂದು ಮೊಳ ಜಾಸ್ತಿ ಅಳೆದು ಕೊಟ್ಟಳು. ಗದ್ದಲದಲ್ಲಿ ನಾನು ಸಣ್ಣ ದನಿಯಲ್ಲಿ 'ಸಕ್ಕಡ್ ಸಾಂಗಾತಾ' ಹಾಡಿದೆ. ನನ್ನ ಸಂಗಾತಿ ಕೊಂಕಣಿಯವಳಲ್ಲ, ನನ್ನಿಂದಲೇ ಕಲಿತದ್ದು. ಅವಳೂ ಸೇರಿದಳು. 'ಸಕ್ಕಡ್', ಎಲ್ಲರೂ. ಚಿಕ್ಕಂದಿನಿಂದ ಸಾವಿರ ಸಲ ಹಾಡಿದ ಪದ. ಅದರ ಒಳಗೆ ನಾನೂ ಇದ್ದೇನೆ ಅಂತ ಮೊದಲ ಸಲ ಅನ್ನಿಸಿದ್ದು ಆ ಸಂಜೆ. ಒಂದು ಅಕ್ಷರವನ್ನೂ ತಿದ್ದದೆ ಹಾಡು ಬೇರೆಯಾಯಿತು.

ಇಗರ್ಜಿ ನಮ್ಮ ಬಗ್ಗೆ ಹೇಳುವ ಮಾತು ಒಂದೇ ಪುಟದಲ್ಲಿ ಎರಡು ಥರ ಇದೆ. 1992ರ ಧರ್ಮೋಪದೇಶ ಗ್ರಂಥದಲ್ಲಿ 2357ನೇ ಭಾಗ ನಮ್ಮ ಪ್ರೀತಿಯ ನಡೆಯನ್ನು ಮೂಲದಲ್ಲೇ ಕೆಟ್ಟದ್ದು ಅನ್ನುತ್ತದೆ. ಮುಂದಿನ 2358 ನಮ್ಮನ್ನು ಗೌರವ, ಕರುಣೆ, ಸೂಕ್ಷ್ಮತೆಯಿಂದ ಕಾಣಬೇಕು ಅನ್ನುತ್ತದೆ. ಮೊದಲನೆಯದನ್ನು ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಕೇಳಿದ್ದೇನೆ. ಎರಡನೆಯದನ್ನು ನಾನೇ ಹುಡುಕಿ ಓದಬೇಕಾಯಿತು. 2023ರ ಡಿಸೆಂಬರ್ 18ರಂದು ವ್ಯಾಟಿಕನ್ ಒಂದು ಪತ್ರ ಹೊರಡಿಸಿತು. ನಮ್ಮಂಥ ಜೋಡಿಗಳು ಕೇಳಿದರೆ, ಮದುವೆಯ ವಿಧಿಯ ಹಾಗೆ ಕಾಣದಂತೆ, ಪಾದ್ರಿಗಳು ಆಶೀರ್ವಾದ ಕೊಡಬಹುದು ಅಂತ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ನಮ್ಮ ಸುಪ್ರೀಂ ಕೋರ್ಟ್ ಮದುವೆಯ ಹಕ್ಕು ಇಲ್ಲ ಅಂದಿತ್ತು. ಆ ತೀರ್ಪಿನ ತಾರೀಖು 2023ರ ಅಕ್ಟೋಬರ್ 17. ಆ ರಾತ್ರಿ ನಿದ್ದೆ ಬರದೆ ಜನೀನ್ ಬಗ್ಗೆ ಮತ್ತೆ ಓದುತ್ತಿದ್ದೆ. ಅವಳು ಹುಟ್ಟಿದ್ದು 1933ರ ಅಕ್ಟೋಬರ್ 17. ಬದುಕಿದ್ದರೆ ಆ ದಿನ ಅವಳಿಗೆ ಸರಿಯಾಗಿ 90. ಕೈಯಲ್ಲಿದ್ದ ಫೋನ್ ಕೆಳಗಿಟ್ಟೆ. ಪಕ್ಕದಲ್ಲಿ ಮಲಗಿದವಳ ಬೆನ್ನಿಗೆ ಕೈ ಇಟ್ಟುಕೊಂಡು ಬೆಳಗಿನ ತನಕ ಎಚ್ಚರ ಇದ್ದೆ.

ಅನ್ನಿಗೆ ಒಂದು ಚರಣ

ಜುಬಿಲಿಯಿಂದ ಬಂದ ಮೇಲೆ ಆ ಹಾಡಿಗೆ ಒಂದು ಹೊಸ ಚರಣ ಕಟ್ಟಬೇಕು ಅನ್ನಿಸಿತು. ಸಂತ ಡೊಮಿನಿಕ್‌ಗೆ ಚರಣಗಳಿವೆ. ಅನ್ನಿಗೆ ಒಂದೂ ಇಲ್ಲ. ಅದೇ ರಾಗ, ಕನ್ನಡದ ಪದ. ಸುಲಭ ಅಂದುಕೊಂಡಿದ್ದೆ, ಆಗಲಿಲ್ಲ. ಆ ರಾಗ ಕುಣಿಯುವ ರಾಗ. ದುಃಖದ ಪದ ಹಾಕಿದರೆ ಉಗುಳಿಬಿಡುತ್ತದೆ. ಸಾವಿನ ಬಗ್ಗೆ ಬರೆದೆ, ಸಾಲದ ಬಗ್ಗೆ ಬರೆದೆ, ಎಲ್ಲ ಹರಿದು ಹಾಕಿದೆ. ಕೊನೆಗೆ ಅವರ ಮನೆಯ ಬಗ್ಗೆ ಬರೆದೆ. ನೋಡಿಲ್ಲದ ಮನೆ. ಆದರೆ ಇಬ್ಬರು ಹೆಂಗಸರು ಇರುವ ಮನೆ ಹೇಗಿರುತ್ತದೆ ಅಂತ ನನಗೆ ಗೊತ್ತಲ್ಲ.

ಗಿಟಾರ್ ಇಟ್ಟ ಮೂಲೆಯಲ್ಲಿ ಅನ್ನಿಯ ಚಪ್ಪಲಿ,
ಎರಡು ಲೋಟ, ಒಂದು ಕೆಟಲು, ಒಂದೇ ಕಿಟಕಿ;
ಸಂಜೆಯಾಯ್ತು, ದೀಪ ಹಚ್ಚು, ಬಾಗಿಲು ತೆರೆದಿರಲಿ,
ನಮ್ಮ ಹಾಡು ಕೇಳಿ ಯಾರೋ ಒಳಗೆ ಬರಲಿ.

'ಕಿಟಕಿ' ರಾಗಕ್ಕೆ ಸ್ವಲ್ಪ ಗಿಡ್ಡ. ಎಳೆದು ಹಾಡಬೇಕು. ಬೇರೆ ಪದ ಸಿಕ್ಕಿಲ್ಲ.

ಹೋದ ವಾರ ಮಾವ್ಶಿ ಕಣ್ಣಿನ ಚೆಕಪ್‌ಗೆ ಬೆಂಗಳೂರಿಗೆ ಬಂದಿದ್ದರು. ಮಧ್ಯಾಹ್ನ ಊಟಕ್ಕೆ ನಮ್ಮ ಮನೆಗೆ ಬಂದರು. ಹದಿಮೂರು ವರ್ಷದಲ್ಲಿ ಮೊದಲ ಸಲ. ಮನೆ ಎಲ್ಲ ನೋಡಿದರು. ಒಂದು ಮಲಗುವ ಕೋಣೆ, ಒಂದು ಮಂಚ. ಏನೂ ಕೇಳಲಿಲ್ಲ. ಆಲ್ಟರ್ ಮುಂದೆ ನಿಂತು ಶಿಲುಬೆಯ ಗುರುತು ಹಾಕಿದರು. ನನ್ನ ಸಂಗಾತಿ ಮಾಡಿದ ಮೀನು ಸಾರನ್ನು ಎರಡು ಸಲ ಹಾಕಿಸಿಕೊಂಡರು. ಊಟ ಆದ ಮೇಲೆ ನಾನು ತಡೆಯಲಾಗದೆ ಕೇಳಿಯೇಬಿಟ್ಟೆ. "ಮಾವ್ಶಿ, ಡೊಮಿನಿಕ್ ಹಾಡು ಬರೆದ ಸಿಸ್ಟರ್ ಆಮೇಲೆ ಏನಾದರು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತು ಪುತಾ" ಅಂದರು. ತಡ ಮಾಡಲಿಲ್ಲ. "ಅವರು ಸತ್ತ ವರ್ಷ ನಾನು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಆ ಹಾಡನ್ನು ಇನ್ನು ಮಕ್ಕಳಿಗೆ ಕಲಿಸಬೇಡಿ ಅಂತ ನಮ್ಮ ಸುಪೀರಿಯರ್ ಹೇಳಿದರು. ಒಂದು ವರ್ಷ ಕಲಿಸಲಿಲ್ಲ. ನನಗೆ ತಡೆಯಲಿಕ್ಕೆ ಆಗಲಿಲ್ಲ. ನೊವಿಶಿಯೇಟ್‌ನಲ್ಲಿ ಮನೆ ನೆನಪಾಗಿ ಅಳುತ್ತಿದ್ದಾಗ ನಮ್ಮನ್ನು ನಗಿಸಿದ್ದು ಆ ಹಾಡು. ಪಾಪ, ಹಾಡಿದವಳು ಹಾಗೆ ಹೋದಳು ಅಂತ ಹಾಡನ್ನೂ ಸಾಯಿಸುವುದಾ? ಮಾರನೇ ವರ್ಷ ನಾನೇ ಶುರು ಮಾಡಿದೆ."

ನಾನು ಅವರಿಗೆ ಹೊಸ ಚರಣ ಹಾಡಿ ತೋರಿಸಿದೆ. ದನಿ ನಡುಗುತ್ತಿತ್ತು. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಅನ್ನಿ ಅಂದರೆ ಆ ಇನ್ನೊಬ್ಬಳಾ?" ಅಂದರು. ಹೌದು ಅಂದೆ. ಅವರು ಚೀಲದಿಂದ ಒಂದು ಚಿಕ್ಕ ಡೈರಿ ತೆಗೆದರು. ರಬ್ಬರ್ ಬ್ಯಾಂಡ್ ಹಾಕಿದ ಹಳೆಯ ಡೈರಿ. ನವೆಂಬರ್ 2ರ ಸತ್ತವರ ದಿನಕ್ಕೆ ಪ್ರಾರ್ಥಿಸಬೇಕಾದ ಹೆಸರುಗಳ ಪಟ್ಟಿ ಅದರಲ್ಲಿದೆ. ನಮ್ಮ ಅಜ್ಜ, ಅಜ್ಜಿ, ಮಾಮ, ಹಳೆಯ ಸಿಸ್ಟರ್‌ಗಳು, ಸಾಲಿಗೊಂದು ಹೆಸರು. ಗಂಡ ಹೆಂಡತಿ ಇಬ್ಬರೂ ಹೋಗಿದ್ದರೆ ಒಂದೇ ಸಾಲಿನಲ್ಲಿ. ಜನೀನ್ ಹೆಸರು ಮೊದಲೇ ಇತ್ತು, ಹಳೆಯ ಶಾಯಿಯಲ್ಲಿ, ಮಾಸಿದ್ದು. ಮಾವ್ಶಿ ಪೆನ್ನು ಕೇಳಿದರು. ನನ್ನ ಸಂಗಾತಿ ತಂದು ಕೊಟ್ಟಳು. ಡಾಕ್ಟರು ಕಣ್ಣಿಗೆ ಹಾಕಿದ ಡ್ರಾಪ್ಸ್ ಇನ್ನೂ ಇಳಿದಿರಲಿಲ್ಲ, ಡೈರಿಯನ್ನು ಮುಖದ ಹತ್ತಿರ ಹಿಡಿದು, ಅದೇ ಸಾಲಿನಲ್ಲಿ, ಜನೀನ್ ಪಕ್ಕದಲ್ಲಿ, 'ಅನ್ನಿ' ಅಂತ ನಿಧಾನವಾಗಿ ಬರೆದರು.

"ಇನ್ನೊಂದು ಸಲ ಹಾಡು" ಅಂದರು. "ಎರಡನೇ ಸಾಲು ಸರಿಯಾಗಿ ಕೇಳಿಸಲಿಲ್ಲ."